ಎಮ್ಮೆ ಈಯುವ ತನಕ

ಅವರ ಬಲಗೈಯಲ್ಲಿ ಮೂರೇ ಬೆರಳಿದ್ದವು. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಮೇವು ಕತ್ತರಿಸುವ ಯಂತ್ರ ಎಂದೋ ತೆಗೆದುಕೊಂಡಿತ್ತು. ಉಳಿದ ಮೂರರಲ್ಲೇ ರೊಟ್ಟಿ ಬಡಿಯುತ್ತಿದ್ದರು, ಬಾವಿಯ ಹಗ್ಗ ಸೇದುತ್ತಿದ್ದರು, ಜಗಳಕ್ಕೆ ನಿಂತರೆ ಅದೇ ಕೈಯನ್ನು ಎದುರಿನವರ ಮೂಗಿನ ತನಕ ಚಾಚುತ್ತಿದ್ದರು. ಮೊದಲ ದಿನ ನಾನು ಆ ಕೈಯನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ. ನೋಡುವುದಾದರೆ ನೆಟ್ಟಗೆ ನೋಡು ಎಂದು ಅದನ್ನು ನನ್ನ ಮಡಿಲಲ್ಲೇ ಇಟ್ಟುಬಿಟ್ಟರು.

ಸುತ್ತಲಿನವರಿಗೆಲ್ಲ ಅವರು ಖಾಲಾ. ನನಗೂ ಖಾಲಾ, ತಾಯಿಯ ತಂಗಿ ಇದ್ದ ಹಾಗೆ.

ಬೀದರಿನಲ್ಲಿ ನಾನೂ ನನ್ನ ಗಂಡನೂ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೆವು. ಹದಿನಾಲ್ಕು ವರ್ಷ ಊರವರ ಕಾಗದಗಳ ನಕಲು ತೆಗೆದು ಸಾಕಾಗಿ, ಅಂಗಡಿ ಮಾರಿ, ಠಾಣಾ ಕುಶನೂರಿನ ಆಚೆ ಮೂರು ಎಕರೆ ಎರೆಹೊಲ ಕೊಂಡೆವು. ಹೊಲದಲ್ಲೇ ಮನೆ ಕಟ್ಟಿಕೊಂಡು, ಉಣ್ಣುವುದನ್ನೆಲ್ಲ ನಾವೇ ಬೆಳೆದುಕೊಳ್ಳಬೇಕೆಂಬುದು ಆಸೆ. ನಮ್ಮ ವಿದ್ಯೆಯೆಲ್ಲ ಮೊಬೈಲಿನಲ್ಲಿ ನೋಡಿ ಕಲಿತದ್ದು. ಬದುವಿನ ಆಚೆ ಖಾಲಾ ಅವರ ಹೊಲ. ಒಂದು ಎಮ್ಮೆ, ಆರು ಆಡು, ಲೆಕ್ಕವಿಲ್ಲದಷ್ಟು ಕೋಳಿಗಳೊಂದಿಗೆ ಅವರು ಒಬ್ಬರೇ ಇದ್ದರು. ಮಗಳನ್ನು ಭಾಲ್ಕಿಗೆ ಕೊಟ್ಟಿದ್ದರು.

ಅವರದು ಸಿಹಿ ನಾಲಿಗೆಯಲ್ಲ. ಒಂದು ಮುಂಜಾನೆ ನಾನು ಎದ್ದು ಹೊರಬಂದರೆ, ನಮ್ಮ ಉಳ್ಳಾಗಡ್ಡಿ ಮಡಿಯಲ್ಲಿ ಕೂತು ಅರ್ಧಕ್ಕರ್ಧ ಸಸಿ ಕಿತ್ತು ಹಾಕುತ್ತಿದ್ದಾರೆ. ಕೇಳಿದರೆ, ಇಷ್ಟು ಒತ್ತಾಗಿ ಹಚ್ಚಿದರೆ ಗಡ್ಡೆ ಎಲ್ಲಿ ಕೂಡಬೇಕು ಎಂದು ನನ್ನನ್ನೇ ಬೈದರು. ಹೊಲದ ಕೆಳಗಿನ ತುದಿಯಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಸೋಯಾಬೀನ್ ಬಿತ್ತಬೇಡಿ ಅಂದಿದ್ದರು. ನಾವು ಬಿತ್ತಿದೆವು. ಮೂರು ದಿನದ ಮಳೆಗೆ ಬೆಳೆ ಕೊಳೆತು ನಾರಿತು. ಆಮೇಲೆ ಮುಂಗುಸಿ ಬಂದು ಒಂದೇ ವಾರದಲ್ಲಿ ನಮ್ಮ ಇಪ್ಪತ್ತು ಕೋಳಿಮರಿಗಳನ್ನು ಮುಗಿಸಿತು. ಖಾಲಾ ಸಮಾಧಾನದ ಮಾತು ಹೇಳಲಿಲ್ಲ. ಕೋಳಿಗೂಡಿನ ಬುಡಕ್ಕೆ ಸುತ್ತ ಕಲ್ಲು ಹೂಳುವುದನ್ನು ತಾವೇ ಕೂತು ತೋರಿಸಿದರು. ನಾವು ಹೂತ ಕಲ್ಲನ್ನು ಎರಡು ಸಲ ಕೀಳಿಸಿದರು.

ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಮಳೆಯೊಂದಿಗೆ ಬಿರುಗಾಳಿ ಎದ್ದು ನಮ್ಮ ಮನೆಯ ತಗಡುಗಳನ್ನು ಎತ್ತಿ ಹಳ್ಳದಾಚೆ ಎಸೆಯಿತು. ಕಾಳು, ಹಾಸಿಗೆ, ಹಿಟ್ಟು ಎಲ್ಲ ತೊಯ್ದವು. ಮರುದಿನ ನನ್ನ ಗಂಡ ತಗಡು ಹುಡುಕಲು ಹೋದಾಗ ನಾನು ಬಟ್ಟೆ ಗಂಟು ಕಟ್ಟತೊಡಗಿದೆ. ಬೀದರಿಗೆ ಮರಳುವುದೇ ಸರಿ ಅನ್ನಿಸಿತ್ತು. ಖಾಲಾ ಒಂದು ಬುಟ್ಟಿ ರೊಟ್ಟಿ ತಂದವರು ಗಂಟನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. ಅವರು ನನ್ನ ಪಕ್ಕದಲ್ಲಿ ಒದ್ದೆ ನೆಲದ ಮೇಲೆ ಕೂತರು.

“ನಾನೂ ಬೀದರದಾಕಿನೇ, ಬೇಟಿ. ನಿನಗ ಹೇಳಿದ್ದಿಲ್ಲ.”

ಅವರ ತಂದೆ ಬೀದರಿನಲ್ಲಿ ಬಿದರಿ ಪಾತ್ರೆಗಳಿಗೆ ಬೆಳ್ಳಿ ತಂತಿ ಕೂಡಿಸುವ ಕೆಲಸದವರು. ಹೊಲವನ್ನೇ ಕಾಣದ ಹುಡುಗಿ ಮದುವೆಯಾಗಿ ಇಲ್ಲಿಗೆ ಬಂದು ವರ್ಷವಿಡೀ ಅತ್ತರಂತೆ. ಮೂರನೆಯ ವರ್ಷ, ಮಗಳು ಇನ್ನೂ ಹಾಲು ಕುಡಿಯುವಾಗ, ಗಂಡ ತೀರಿಕೊಂಡರು. ಅಣ್ಣಂದಿರು ಕರೆದೊಯ್ಯಲು ಜೀಪು ತಂದರು.

“ಎಮ್ಮಿ ಈಯೋದದ, ಈದ ಮ್ಯಾಲ ಬರ್ತೇನಿ ಅಂದೆ. ಎಮ್ಮಿ ಈತು. ಆಮ್ಯಾಲ ತೊಗರಿ ರಾಶಿ ಇತ್ತು. ರಾಶಿ ಆತು, ಬಾವಿ ಹೂಳು ತೆಗಿಯೋದಿತ್ತು. ಅವರು ಕರದು ಕರದು ಸುಮ್ಮಾದ್ರು.”

ಹಾಗಾದರೆ ಈ ಜಾಗ ಹಿಡಿಸಿತೇ ಎಂದು ಕೇಳಿದೆ. ಅವರು ತಮ್ಮ ಹೊಲದ ಕಡೆ ಕೈ ತೋರಿಸಿದರು.

“ಮುಂಜಾನಿ ಬಾಗಿಲಾ ತಗದ್ರ ನಾಕು ಜೀವ ನನ್ನ ಹಾದಿ ನೋಡ್ತಾವ. ಬೀದರದಾಗ ನನ್ನ ಹಾದಿ ಯಾರ ನೋಡ್ತಿದ್ರು?”

ಏಳುವಾಗ ನಮ್ಮ ಗಬ್ಬದ ಆಕಳನ್ನು ತೋರಿಸಿ, ಅದು ಈದ ಮೇಲೆ ಹೋಗಿರಂತೆ ಅಂದರು. ನನ್ನ ಗಂಡ ತಂದ ಸೊಟ್ಟ ತಗಡುಗಳನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ಹೊದಿಸಿದೆವು. ಗಂಟು ಬಿಚ್ಚಲಿಲ್ಲ, ಮೂಲೆಗಿಟ್ಟೆ.

ಆಕಳು ಈಯಲು ಶುರುಮಾಡಿದ್ದು ಒಂದು ಮಧ್ಯಾಹ್ನ. ಕರುವಿನ ಒಂದು ಕಾಲು ಮಾತ್ರ ಹೊರಬಂದು ನಿಂತಿತು. ದನದ ಡಾಕ್ಟರು ಎಕಂಬಾ ಕಡೆ ಹೋಗಿದ್ದರು, ಫೋನು ಹತ್ತಲಿಲ್ಲ. ಖಾಲಾ ಬಳೆ ತೆಗೆದಿಟ್ಟು, ತೋಳಿಗೆ ಸೋಪು ಹಚ್ಚಿ ತೊಳೆದು, ಎಣ್ಣೆ ಸವರಿ, ಆ ಮೂರು ಬೆರಳಿನ ಕೈಯನ್ನು ಒಳಗೆ ಸರಿಸಿದರು. ನಾನು ಆಕಳ ತಲೆ ಹಿಡಿದು ಅಳುತ್ತಿದ್ದೆ. ಅವರು ಕಣ್ಣು ಮುಚ್ಚಿ, ಏನೋ ಕಳೆದದ್ದನ್ನು ಹುಡುಕುವವರಂತೆ ತಡವುತ್ತಿದ್ದರು. ಮಡಿಚಿಕೊಂಡಿದ್ದ ಇನ್ನೊಂದು ಕಾಲು ಕೊನೆಗೂ ನೆಟ್ಟಗಾಯಿತು. ಕರು ಬಿದ್ದಾಗ ಉಸಿರಿರಲಿಲ್ಲ. ಮೂಗಿನ ಲೋಳೆ ಒರೆಸಿ, ಹುಲ್ಲಿನ ಎಸಳಿನಿಂದ ಕೆಣಕಿ, ಗೋಣಿಚೀಲದಿಂದ ಮೈ ತಿಕ್ಕಿದರು. ಅದು ಸೀನಿತು. ಖಾಲಾ ಅಲ್ಲೇ ಸಗಣಿಯ ಮೇಲೆ ಕುಸಿದು ಕೂತು ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು.

“ಪೂರಾ ಕೈ ಇದ್ರ ಒಳಗ ಹೋಗ್ತಿದ್ದಿಲ್ಲ ನೋಡು.”

ಆ ವಾರ ನಮ್ಮ ಮನೆಯಲ್ಲಿ ಗಿಣ್ಣ. ಬೀದರಿಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ.

ಇನ್ನೂ ನಾಲ್ಕು ಮಳೆಗಾಲ ಅವರ ಬೈಗುಳ ಕೇಳುತ್ತ ಕಳೆದೆವು. ಹೋದ ವರ್ಷ ಶ್ರಾವಣದಲ್ಲಿ ಖಾಲಾಗೆ ಜ್ವರ ಹಿಡಿಯಿತು. ಮಗಳು ಬಂದು ಬೀದರಿನ ಆಸ್ಪತ್ರೆಗೆ ಒಯ್ದಳು. ಅಲ್ಲಿಂದ ದಿನಾ ಫೋನು ಮಾಡಿಸಿ, ಆಡು ಕಟ್ಟಿದಿಯಾ, ಎಮ್ಮೆಗೆ ನೀರು ಕುಡಿಸಿದಿಯಾ ಎಂದು ಕೇಳುತ್ತಿದ್ದರು. ಐದನೆಯ ದಿನ ಫೋನು ಬಂದಾಗ ಮಾತಾಡಿದ್ದು ಮಗಳು.

ಊರಿಗೆ ತಂದು ಮಣ್ಣು ಮಾಡಿದೆವು. ಅವರಲ್ಲಿ ಸಾವಿನ ಮನೆಯ ಒಲೆ ಮೂರು ದಿನ ಹೊತ್ತುವುದಿಲ್ಲ, ನೆರೆಯವರೇ ಊಟ ಒಯ್ಯಬೇಕು. ಮೊದಲ ದಿನದ ಊಟ ನಮ್ಮದೆಂದು ನಾನು ಮುಂಚೆಯೇ ಹೇಳಿಬಿಟ್ಟೆ. ಮೂವತ್ತು ಜನರಿಗೆ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಲೆ, ಮಜ್ಜಿಗೆ. ಬಡಿಸುವಾಗ ಮಗಳು, ಬೇಳೆ ಎಲ್ಲಿಂದ ತಂದಿರಿ, ಭಾಲ್ಕಿಯಲ್ಲಿ ಇಂಥದು ಸಿಗುವುದಿಲ್ಲ ಅಂದಳು. ನಮ್ಮದೇ ಅಂದೆ. ಆಗಲೇ ನನಗೂ ಹೊಳೆದದ್ದು: ಜೋಳ, ಬೇಳೆ, ಸೊಪ್ಪು, ಮೆಣಸಿನಕಾಯಿ, ಉಳ್ಳಾಗಡ್ಡಿ, ಮಜ್ಜಿಗೆ ಎಲ್ಲ ನಮ್ಮ ಮೂರು ಎಕರೆಯದೇ. ಎಣ್ಣೆ, ಉಪ್ಪು ಬಿಟ್ಟರೆ ಅಂಗಡಿಯದು ಒಂದೂ ಇರಲಿಲ್ಲ. ಖುಷಿಗೆ ತಟ್ಟನೆ ತಲೆಯೆತ್ತಿ, ಇದನ್ನು ಹೇಳಲೇಬೇಕಾದ ಒಬ್ಬರನ್ನು ಜನರ ನಡುವೆ ಹುಡುಕಿದೆ.