ಹೊಂಗೆ ಮರದ ಕೆಳಗಿನ ಸಿಳ್ಳೆ

ಚಂದ್ರಣ್ಣ, ಅವತ್ತು ಬೆಳ್ಳಿ ನಿನಗೆ ಮೋಸ ಮಾಡಲಿಲ್ಲ. ಅವಳನ್ನು ದಾರಿಯಿಂದಾಚೆ ಕರೆದವನು ನಾನು. ನಿನಗೆ ಪೆಟ್ಟಾಗಲಿ ಅಂತ ಅಲ್ಲ, ಸುಮ್ಮನೆ — ಬೇಡ, ಇಲ್ಲೂ ಚೌಕಾಸಿ ಬೇಡ. ನೀನು ಬೀಳಲಿ ಅಂತಲೇ ಸಿಳ್ಳೆ ಹಾಕಿದೆ. ಜನ ನೋಡುವಾಗ ಬೀಳಲಿ ಅಂತ.

ನಿನಗೆ ಗೊತ್ತಿರುವುದೇ ಆದರೂ, ಇದು ಅಚ್ಚಾದಾಗ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಮಿಲಿಟರಿಯಲ್ಲಿದ್ದಾಗ ನೀನು ಹಿಮದ ಸೀಮೆ ನೋಡಿ ಬಂದಿದ್ದೆ. ಅಲ್ಲಿ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ನಿಂತವರನ್ನು ನಾಯಿಗಳು ಎಳೆದುಕೊಂಡು ಓಡುತ್ತವಂತೆ. ಅದಕ್ಕೆಂದೇ ಹಿಮವನ್ನು ಒತ್ತಿ, ನುಣ್ಣಗೆ ಮಾಡಿ ದಾರಿ ಬಿಟ್ಟಿರುತ್ತಾರಂತೆ. ನಮ್ಮ ಹಂದನಕೆರೆ ಕಡೆ ಹಿಮ ಎಲ್ಲಿಂದ ತರುವುದು? ನೀನು ಹಲಗೆಗೆ ಚಕ್ರ ಹಾಕಿಸಿದೆ. ತೋಟಗಳ ನಡುವಿನ ಮಣ್ಣುದಾರಿಗೆ ಸಂಜೆ ನೀರು ಚಿಮುಕಿಸಿ, ಎತ್ತು ಕಟ್ಟಿ, ತೆಂಗಿನ ದಿಮ್ಮಿ ಎಳೆಸಿ ಕಣದ ಹಾಗೆ ಮಾಡಿದೆ. ಚಳಿಗಾಲದ ಬೆಳಗ್ಗೆ ನಿನ್ನ ಸೊಂಟಕ್ಕೆ ಹಗ್ಗ, ಹಗ್ಗದ ಆ ತುದಿಗೆ ಬೆಳ್ಳಿ — ಮುಧೋಳ ಜಾತಿಯ ಬಿಳಿ ನಾಯಿ. ಡೈರಿಗೆ ಹೋಗುವವರು ಹಾಲಿನ ಕ್ಯಾನು ಕೆಳಗಿಟ್ಟು ನೋಡುತ್ತಿದ್ದರು. ಪಕ್ಕದ ತೋಟದ ನಾನೂ ನೋಡುತ್ತಿದ್ದೆ. ಚೆಂದ ಇತ್ತು. ಅದೂ ನನಗೆ ಉರಿಯುತ್ತಿತ್ತು.

ಉರಿಗೆ ಕಾರಣ ಆ ಟವೆಲ್ಲು. ನಾನು ಯಾರ ಆಸರೆಯೂ ಇಲ್ಲದೆ ದನದ ದಲ್ಲಾಳಿಯಾಗಿ ಮೇಲೆ ಬಂದವನು, ಆಮೇಲೆ ಕೊಬ್ಬರಿ ವ್ಯಾಪಾರ ಹಿಡಿದೆ. ದನದ ಸಂತೆಯಲ್ಲಿ ಬಾಯಲ್ಲಿ ಬೆಲೆ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುವುದು. ಆ ಟವೆಲ್ಲನ್ನು ಮೂರನೆಯವನು ಮುಟ್ಟಬಾರದು. ಒಬ್ಬ ಮುದುಕಿಯ ಹಸುವಿಗೆ ನಾನು ಬೆರಳು ಹಿಡಿದಿದ್ದಾಗ ನೀನು ಹಿಂದಿನಿಂದ ಬಂದು ಟವೆಲ್ಲು ಎತ್ತಿಬಿಟ್ಟೆ.

"ಇಷ್ಟಕ್ಕೆ ಹಸ ಬರಾಕಿಲ್ಲ ಕಣ್ಲಾ ಶಿವಲಿಂಗ, ಅದರ ಹಗ್ಗ ಬತ್ತದೆ. ಹಗ್ಗ ಹಿಡ್ಕೊಂಡು ಮನೆಗೆ ಹೋಗು."

ಸಂತೆಯೇ ನಕ್ಕಿತು. ಅಜ್ಜಿ ಕೈ ಎಳೆದುಕೊಂಡಳು. ಅಲ್ಲಿಂದಾಚೆಗೆ ನಾನು ಎಲ್ಲಿ ವ್ಯಾಪಾರಕ್ಕೆ ಕೂತರೂ ಯಾರಾದರೂ ಒಬ್ಬ, "ಹಗ್ಗ ಬೇಕೇನಣ್ಣ?" ಅನ್ನುತ್ತಿದ್ದ. ನಾನು ಹಿಡಿದಿದ್ದು ಅನ್ಯಾಯದ ಬೆಲೆಯೇ, ಒಪ್ಪುತ್ತೇನೆ. ಆದರೂ —

ವ್ಯಾಪಾರ ಕಲಿಯಲು ಬರುವ ಹುಡುಗರಿಗೆ ನಾನು ಒಂದು ಮಾತು ಹೇಳುತ್ತೇನೆ: ಎದುರಿನವನ ಹತ್ತಿರ ಏನಿದೆ ಅಂತ ನೋಡಬೇಡಿ, ಅವನಿಗೆ ಏನು ಬೇಕು ಅಂತ ನೋಡಿ. ಬೆಳ್ಳಿಗೆ ಬೇಕಾಗಿದ್ದು ಕೊಬ್ಬರಿ. ದಾರಿ ತಿರುಗುವ ಕಡೆ ಹೊಂಗೆ ಮರವಿದೆಯಲ್ಲ, ಪಕ್ಕದಲ್ಲೇ ಕಲ್ಲಿನ ಮೋರಿ. ಸಂಜೆ ನೀನು ಅವಳನ್ನು ಬಿಚ್ಚಿ ಬಿಟ್ಟ ಮೇಲೆ ನಾನು ಆ ಮರದ ಕೆಳಗೆ ನಿಂತು ಸಣ್ಣಗೆ ಸಿಳ್ಳೆ ಹಾಕುತ್ತಿದ್ದೆ. ಬಂದರೆ ಕೊಬ್ಬರಿ ಚೂರು, ಜೊತೆಗೆ ಬೆಲ್ಲ. ಮೊದಮೊದಲು ಅನುಮಾನದಿಂದ ಬರುತ್ತಿದ್ದಳು. ಆಮೇಲೆ ಓಡಿ ಬರುತ್ತಿದ್ದಳು. ಚಳಿಗಾಲವಿಡೀ ಅಷ್ಟು ತಾಳ್ಮೆಯಿಂದ ನಾನು ನನ್ನ ಮಗನಿಗೂ ಏನೂ ಕಲಿಸಿಲ್ಲ.

ನಿನ್ನನ್ನು ನೋಡಿ ಕಲಿತ ಸುತ್ತಲಿನ ಊರಿನವರೆಲ್ಲ ಚಕ್ರದ ಹಲಗೆ, ನಾಯಿ ಹಿಡಿದುಕೊಂಡು ಪಂದ್ಯಕ್ಕೆ ಬಂದ ದಿನ ನೀನು ಎಲ್ಲರಿಗಿಂತ ಮುಂದಿದ್ದೆ. ನಾನು ಹೊಂಗೆ ಮರದ ಕೆಳಗೆ, ಜನರ ನಡುವೆ. ಕೂಗಾಟದಲ್ಲಿ ಸಿಳ್ಳೆ ಯಾರಿಗೂ ಕೇಳಲಿಲ್ಲ, ಅವಳಿಗೆ ಬಿಟ್ಟು. ಪೂರ್ತಿ ಓಟದಲ್ಲೇ ಪಕ್ಕಕ್ಕೆ ತಿರುಗಿದಳು. ಹಗ್ಗ ನಿನ್ನನ್ನು ಮೋರಿಯ ಕಲ್ಲಿಗೆ ಎತ್ತಿ ಹಾಕಿತು. ಮಂಡಿ ಮುರಿದ ಸದ್ದು — ಅದು ನನಗೆ ಕೇಳಿಸಿತು. ಆಗ ಮನಸ್ಸಿಗೆ ತಂಪಾಯಿತು. ಸುಳ್ಳು ಹೇಳಲಾರೆ.

ನೀನು ಬಿದ್ದಲ್ಲಿಂದಲೇ, "ಬೆಳ್ಳಿಗೇನಾಯ್ತು ನೋಡ್ರಲಾ ಮೊದ್ಲು," ಅಂದೆ. ಬೆಳ್ಳಿ ತುಂಡಾದ ಹಗ್ಗ ಎಳೆದುಕೊಂಡು ಬಂದು ನನ್ನ ಕೈ ಮೂಸುತ್ತಿದ್ದಳು. ಯಾರೋ, "ನೋಡ್ಲಾ, ಹೆದ್ರಿ ಶಿವಲಿಂಗಣ್ಣನ ಹತ್ರ ಹೋಗ್ಯದೆ," ಅಂದರು. ನಾನು ಅವಳ ತಲೆ ಸವರಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಬ್ಯಾಂಡೇಜು ಬಿಚ್ಚಿದ ಮೇಲೆ ನೀನು ಕೋಲೂರಿಕೊಂಡು ನನ್ನ ಜಗಲಿಗೆ ಬಂದೆ. ಊರಿಗೆಲ್ಲ ಬುದ್ಧಿ ಹೇಳುವವನು ನಾನು ತಾನೆ.

"ಏನ್ ಮಾಡ್ಲಪ್ಪ ಈ ನಾಯಿನ? ಅದರ ಮಕ ನೋಡಾಕೆ ಆಯ್ತಿಲ್ಲ. ಆದ್ರೆ ಬುಡಾಕೂ ಆಯ್ತಿಲ್ಲ."

ಅಲ್ಲೊಂದು ಅವಕಾಶವಿತ್ತು. ಸುಮ್ಮನಿದ್ದರೂ ಸಾಕಿತ್ತು. ನಾನು ಹೇಳಿದೆ, "ಕೊಟ್ಬುಡು ಕಣಣ್ಣ. ಒಂದ್ಸಲ ಕೈಕೊಟ್ಟಿದ್ದು ಇನ್ನೊಂದ್ಸಲ ಕೊಡದೆ ಇರ್ತದಾ?"

ನೀನು ಅವಳನ್ನು ಅಮ್ಮಸಂದ್ರದ ಹತ್ತಿರ ಒಂದು ಶೆಡ್ಡಿನ ಕಾವಲಿಗೆ ಕೊಟ್ಟುಬಿಟ್ಟೆ. ಅವಳು ಗಾಡಿ ಹತ್ತುವಾಗ ನೀನು ಹೊರಗೆ ಬರಲೇ ಇಲ್ಲ. ಓಡಲು ಹುಟ್ಟಿದ ನಾಯಿ ಸರಪಳಿಯ ಉದ್ದದಷ್ಟು ನಡೆದು ಮುದಿಯಾಯಿತು — ನನ್ನ ಬುದ್ಧಿಮಾತಿನಿಂದ.

ಈ ಚಳಿಗಾಲ ನೀನು ಮತ್ತೆ ಕುಂಟಿಕೊಂಡು ಎತ್ತಿನ ಹಿಂದೆ ದಿಮ್ಮಿ ಎಳೆಸುತ್ತಿದ್ದೆ. ನಾಯಿಯೇ ಇಲ್ಲವಲ್ಲಣ್ಣ, ಯಾರಿಗೆ ಈ ದಾರಿ ಅಂತ ನಾನು ಕೇಳಿದೆ. "ರೂಢಿ ಕಣ್ಲಾ. ನುಣ್ಣಗಿದ್ರೆ ನೋಡಾಕೆ ಒಂಥರಾ ಚೆಂದ," ಅಂದೆ ನೀನು. ಹೊಂಗೆ ಮರದ ಹತ್ತಿರ ಬಂದಾಗ ಮಾತ್ರ ನೀನು ಮರ ಕಾಣದ ಹಾಗೆ ಮುಖ ತಿರುಗಿಸಿಕೊಂಡೆ.

ಮರುದಿನವೇ ನಾನು ಅಮ್ಮಸಂದ್ರಕ್ಕೆ ಹೋದೆ. ಶೆಡ್ಡಿನವನು ಕೇಳಿದ ಬೆಲೆಗೇ ಹೂಂ ಅಂದೆ. ಜೀವನದಲ್ಲಿ ಹಾಗೆ ಅಂದದ್ದು ಅದೇ ಮೊದಲು. ಮೊದಲು ಅವಳು ಏಳಲಿಲ್ಲ, ಕಣ್ಣಿಗೆ ಪೊರೆ ಬಂದಿದೆ. ಸಣ್ಣಗೆ ಸಿಳ್ಳೆ ಹಾಕಿದೆ. ಎದ್ದು ಬಂದು ನನ್ನ ಬರಿಗೈ ಮೂಸಿದಳು.

ಈಗ ಅವಳು ನನ್ನ ಕೊಬ್ಬರಿ ಅಟ್ಟದ ಕೆಳಗೆ ಮಲಗಿದ್ದಾಳೆ. ಆ ಟವೆಲ್ಲಿನ ಸಿಟ್ಟು ನನ್ನಲ್ಲಿ ಇನ್ನೂ ಪೂರ್ತಿ ಆರಿಲ್ಲ ಚಂದ್ರಣ್ಣ. ಅದು ನನ್ನ ಪಾಡು, ನಿನಗೆ ಹೇಳಬೇಕಾದ ನಿಜಕ್ಕೆ ಅದನ್ನು ಅಡ್ಡ ತರುವುದಿಲ್ಲ. ಇದು ಅಚ್ಚಾಗುವ ಮೊದಲೇ ಅವಳನ್ನು ಹಿಡಿದುಕೊಂಡು ನಿನ್ನ ತೋಟಕ್ಕೆ ಬರುತ್ತೇನೆ. ನಿನ್ನ ಪಕ್ಕ ಅವಳನ್ನು ನಿಲ್ಲಿಸಿ, ನಾನು ಹೊಂಗೆ ಮರದ ಕೆಳಗೆ ಹೋಗಿ ಸಿಳ್ಳೆ ಹಾಕುತ್ತೇನೆ. ಅವತ್ತಿನ ಹಾಗೇ ಅವಳು ನಿನ್ನನ್ನು ಬಿಟ್ಟು ನನ್ನ ಕಡೆ ಬರುತ್ತಾಳೆ. ನೋಡು. ಈ ಸಲ ಟವೆಲ್ಲು ನಾನೇ ಎತ್ತುತ್ತೇನೆ.