ತವರಿನ ಬಾಳೆಕಂದು

ಅಜ್ಜಂಪುರದ ಹತ್ತಿರದ ಊರಿಗೆ ಕೊಟ್ಟಿರುವ ಅಕ್ಕನ ಮನೆಗೆ ನಾನು ಎಂದೂ ಬರಿಗೈಯಲ್ಲಿ ಹೋದವನಲ್ಲ. ತರೀಕೆರೆಯಲ್ಲಿ ಬಸ್ಸು ಹತ್ತಿದರೆ ಕಾಲಡಿಯ ಗೋಣಿಚೀಲದಲ್ಲಿ ನಮ್ಮ ತೋಟದ ಬಾಳೆಕಂದು ಇರಲೇಬೇಕು. ಅಪ್ಪ ನೆಟ್ಟ ಪುಟ್ಟಬಾಳೆಯ ಮರಿಗಳು ಅವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕಲಿತದ್ದೆಲ್ಲ ಆ ಬುಡಗಳಲ್ಲೇ. ಯಾವ ಕಂದು ಕೀಳಬೇಕು ಎಂದು ಕೇಳಲು ಲಕ್ಕವಳ್ಳಿಯಿಂದಲೂ ಜನ ಬರುತ್ತಿದ್ದರು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಒಂದು ವರ್ಷ ಅಕ್ಕನ ತೋಟದ ಬಾಳೆ ಕುಳ್ಳಾಯಿತು. ಎಲೆಗಳು ಕಿರಿದಾಗಿ, ತುದಿಯಲ್ಲಿ ಗೊಂಚಲು ಕಟ್ಟಿ ನೆಟ್ಟಗೆ ನಿಂತವು, ಗೊನೆಯೇ ಬರಲಿಲ್ಲ. ಬಂಚಿ ಟಾಪ್ ಎನ್ನುವ ವೈರಸ್ ರೋಗ. ಭಾವ ಆಗಷ್ಟೇ ನರ್ಸರಿಯಿಂದ, ಲ್ಯಾಬಿನ ಡಬ್ಬಿಯಲ್ಲಿ ಬೆಳೆಸಿದ ಗಿಡ ತಂದು ನೆಟ್ಟಿದ್ದರು. ನಾನು ನಾಲ್ಕು ಜನರ ಎದುರಿಗೇ ಅಂದುಬಿಟ್ಟೆ: "ಡಬ್ಬಿಯಾಗೆ ಬೆಳೆದ ಗಿಡ ತಂದ್ರೆ ಇನ್ನೇನಾಗುತ್ತೆ ಭಾವ? ನಮ್ಮ ಕಂದು ಸಾಲ್ದಾಗಿತ್ತಾ?"

"ಆಯ್ತು ಕಣಪ್ಪಾ, ನೀನೇ ದೊಡ್ಡ ಬೆಳೆಗಾರ," ಎಂದು ಭಾವ ಎದ್ದು ಹೋದರು. ಆಮೇಲೆ ನನ್ನ ಫೋನು ಎತ್ತಲಿಲ್ಲ.

ಮರುವರ್ಷ ನನ್ನ ತೋಟದಲ್ಲೂ ಎರಡು ಬುಡ ಕುಳ್ಳಾದವು. ಅದೇ ಹೊತ್ತಿಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಕಡೂರು, ತರೀಕೆರೆ, ಅಜ್ಜಂಪುರ ಸುತ್ತಿ ರೋಗದ ಎಲೆ ಕೂಡಿಸುತ್ತಿದ್ದಳು. ಅಕ್ಕನ ತೋಟಕ್ಕೆ ದಾರಿ ಹೇಳಿಕೊಟ್ಟವನು ನಾನೇ. ನರ್ಸರಿಯದೇ ತಪ್ಪು ಎಂದು ಸಾಬೀತಾಗಲಿ ಎಂಬ ಆಸೆ.

ಕೆಲವು ತಿಂಗಳಾದ ಮೇಲೆ ಅವಳು ಒಂದು ಹಾಳೆ ತಂದಳು. ಅದರ ಮೇಲೆ ಕೊಂಬೆ ಕೊಂಬೆಯಾಗಿ ಗೆರೆಗಳು. ವೈರಸ್ಸು ಗಿಡದಿಂದ ಗಿಡಕ್ಕೆ ಹೋಗುತ್ತಾ ಬೆಳೆಯುವಾಗ ಅದರ ಜೀನಿನಲ್ಲಿ ಸಣ್ಣ ಸಣ್ಣ ಬದಲಾವಣೆ ಆಗುತ್ತದೆ, ಆದದ್ದು ಮುಂದಿನ ಪೀಳಿಗೆಗೂ ಉಳಿಯುತ್ತದೆ ಎಂದಳು.

"ಕಡೂರು ಕಡೆ ಕುರಿ ಕಿವಿಗೆ ಕಚ್ಚು ಹಾಕ್ತಾರಲ್ಲ ಮೇಡಂ, ಹಂಗಾ? ಮಾರಿದ್ರೂ ಹಳೇ ಕಚ್ಚು ಹೋಗಲ್ಲ. ಕೊಂಡೋನು ಇನ್ನೊಂದು ಹಾಕ್ತಾನೆ."

ಅವಳು ನಕ್ಕಳು. "ಹೆಚ್ಚುಕಡಿಮೆ ಹಂಗೇ. ನಿಮ್ಮ ತೋಟದ ವೈರಸ್ಸಿನಲ್ಲಿರೋ ಗುರುತೆಲ್ಲ ನಿಮ್ಮಕ್ಕನ ತೋಟದ್ರಲ್ಲೂ ಇವೆ. ಅಲ್ಲಿ ಎರಡು ಜಾಸ್ತಿ."

ಯಾವ ಮಂದೆ ಮೊದಲಿನದು ಎಂದು ನಾನು ಕೇಳಬೇಕಾಗಿರಲಿಲ್ಲ; ಕಚ್ಚು ಕಡಿಮೆ ಇದ್ದದ್ದು ನನ್ನದೇ. ಅಕ್ಕನಿಗೆಂದು ಕೊನೆಯ ಸಲ ಕಂದು ಆರಿಸಿದ್ದು ನೆನಪಾಯಿತು. ದಂಟಿನ ಮೇಲೆ ಕಡುಹಸಿರು ಗೀರುಗಳಿದ್ದ ಒಂದು ಮರಿ. ಒಳ್ಳೆಯ ಕಸುವು ಎಂದುಕೊಂಡು ಅದನ್ನೇ ಚೀಲಕ್ಕೆ ಹಾಕಿದ್ದೆ; ಆ ಗೀರೇ ಈ ರೋಗದ ಮೊದಲ ಗುರುತು ಎಂದು ಆಗ ಗೊತ್ತಿರಲಿಲ್ಲ. ಅದರ ತಾಯಿಗಿಡ ಗೊನೆ ಹಾಕದಿದ್ದಾಗ, ಬುಡಕ್ಕೆ ವಯಸ್ಸಾಯಿತು ಎಂದು ಕಿತ್ತೆಸೆದಿದ್ದೆ.

ಮಾರನೇ ದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಅಕ್ಕ ಮೊದಲು ನೋಡಿದ್ದು ನನ್ನ ಬರಿಗೈಗಳನ್ನು. ಭಾವ ಜಗಲಿಯಲ್ಲಿ ಕೂತಿದ್ದರು, ಮುಖ ಎತ್ತಲಿಲ್ಲ.

"ಭಾವ, ರೋಗ ನಮ್ಮ ತೋಟದ್ದು. ನಾನು ಕೊಟ್ಟ ಕಂದಿನಾಗೆ ಬಂದಿದ್ದು. ಕಡುಹಸಿರು ಕಂಡು ಮೋಸ ಹೋದೆ. ಅವತ್ತು ನಾಲ್ಕು ಜನರ ಮುಂದೆ ಅಂದಿದ್ದು ತಪ್ಪಾಯ್ತು."

ಅಕ್ಕನೇ ಮೊದಲು ಬಾಯಿಬಿಟ್ಟಳು. "ಮೊದ್ಲು ಕುಳ್ಳಾಗಿದ್ದು ನೀನು ಕೊಟ್ಟಿದ್ದೇ ಕಣೋ. ತವರಿಂದು, ಹೆಂಗೆ ಕೀಳಾದು? ಬಚ್ಚಲ ನೀರು ಬಿಟ್ಟು ಸಾಕ್ದೆ."

"ಬೇರೇವೆಲ್ಲ ಕಿತ್ತೆ," ಎಂದರು ಭಾವ. "ಅದೊಂದನ್ನ ಮುಟ್ಟೋಕೆ ಬಿಡ್ಲಿಲ್ಲ ನಿಮ್ಮಕ್ಕ."

ಮೊದಲು ಬಚ್ಚಲ ಬಳಿಯ ಆ ಗಿಡಕ್ಕೆ ಔಷಧಿ ಹೊಡೆದೆ, ರಸ ಹೀರುವ ಹೇನು ಪಕ್ಕದ ಗಿಡಕ್ಕೆ ಹಾರಬಾರದೆಂದು. ಈ ರೋಗ ಹೊತ್ತು ತಿರುಗುವುದು ಆ ಹೇನೇ. ಆಮೇಲೆ ಹಾರೆ ಹಾಕಿ, ಗೆಡ್ಡೆಯ ಒಂದು ಚೂರೂ ಉಳಿಯದಂತೆ ಕಿತ್ತೆ. ಅಕ್ಕ ಬಚ್ಚಲ ಬಾಗಿಲಲ್ಲೇ ನಿಂತಿದ್ದಳು.

"ಇನ್ನೊಂದು ತಂದ್ಕೊಡ್ತೀಯೇನೋ?"

"ಇಲ್ಲ ಕಣಕ್ಕ. ಇನ್ಮೇಲೆ ನಮ್ಮ ತೋಟದ್ದು ಒಂದು ಕಂದೂ ಹೊರಗೆ ಹೋಗಲ್ಲ."

ಭಾವ ಬಂದು ಹಾರೆ ಇಸಿದುಕೊಂಡರು. "ನರ್ಸರಿ ಗಿಡ ತರಾಣ. ನೀನೇ ಬಂದು ಆರಿಸ್ಕೊಡು. ಕಡುಹಸಿರು ಮಾತ್ರ ಬ್ಯಾಡ ಕಣಪ್ಪಾ."