ಸಿದ್ದಲಿಂಗಣ್ಣನ ಮೂರು ಬಗೆಯ ಸೂರು

ಮಧುಗಿರಿಯಲ್ಲಿ ಮೇಷ್ಟ್ರಾಗಿದ್ದಾಗ ನಾನು ಬಾಡಿಗೆಗಿದ್ದ ಮಹಡಿ ಕೋಣೆಯ ಕಿಟಕಿ ತೆರೆದರೆ, ಕೆಳಗೆ ಮನೆಯ ಯಜಮಾನರ ಜಗಲಿಯ ಸೂರು ಕಾಣುತ್ತಿತ್ತು. ಎಡಕ್ಕೆ ನೀಲಿ ಬಣ್ಣದ ತಗಡಿನ ಶೀಟು, ನಡುವೆ ಕರಿಯ ಕಡಪಾ ಕಲ್ಲು, ಬಲಕ್ಕೆ ಯಾವುದೋ ಕಾಲದ ಮಂಗಳೂರು ಹೆಂಚು. ಅಂಗೈಯಗಲದ ಜಗಲಿಗೆ ಮೂರು ಜಾತಿಯ ಹೊದಿಕೆ. ಮೊದಲ ಸಲ ನೋಡಿದವರು, ಪಾಪ, ಸಾಮಾನು ಸಾಲದೆ ಸಿಕ್ಕಿದ್ದನ್ನೆಲ್ಲ ಹೊದಿಸಿದ್ದಾರೆ ಎಂದುಕೊಳ್ಳುತ್ತಿದ್ದರು. ನಿಜಸಂಗತಿ ತಲೆಕೆಳಗು. ಒಂದೊಂದು ಬಗೆಯ ಸಾಮಾನೂ ಇಡೀ ಜಗಲಿಗೆ ಸಾಕಾಗುವಷ್ಟು ಬಂದಿತ್ತು.

ಯಜಮಾನರು ಸಿದ್ದಲಿಂಗಣ್ಣ. ಹಿಂದೊಮ್ಮೆ ನಮ್ಮ ವಾರ್ಡಿನಿಂದ ಗೆದ್ದು ಪುರಸಭೆಗೆ ಹೋಗಿದ್ದವರು, ಆಮೇಲೆ ಸೋತವರು. ಸೋತ ಮೇಲೂ ಹೆಗಲ ಮೇಲಿನ ಬಿಳಿ ಟವೆಲ್ಲು ಇಳಿದಿರಲಿಲ್ಲ. ಬೆಳಿಗ್ಗೆ ಹಾಲು ತರಲು ಹೊರಟರೆ ಮನೆಗೆ ಬರುವಷ್ಟರಲ್ಲಿ ಹಾಲು ಒಡೆದಿರುತ್ತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲರ ಕಷ್ಟ ಕೇಳಬೇಕು, ಕೇಳಿದ ಮೇಲೆ ಹೆಗಲ ಮೇಲೆ ಕೈಯಿಟ್ಟು "ನೋಡಣ ಬುಡು, ಮಾಡ್ಬುಡಣ" ಎನ್ನಬೇಕು. ಅವರ ಬಾಯಿಂದ 'ಆಗಲ್ಲ' ಎಂಬ ಮಾತನ್ನು ನಾನಂತೂ ಕೇಳಲಿಲ್ಲ. ನಮ್ಮ ಬೀದಿಯ ಅಣ್ಣತಮ್ಮಂದಿರಿಬ್ಬರು ಒಂದು ಗೋಡೆಗಾಗಿ ಕಿತ್ತಾಡುತ್ತಿದ್ದಾಗ ಇವರು ಅಣ್ಣನ ಮನೆಯಲ್ಲಿ ಕಾಫಿ ಕುಡಿದು "ಗ್ವಾಡೆ ನಿಂದೇ ಕಣ್ಲಾ" ಎಂದರು, ತಮ್ಮನ ಮನೆಯಲ್ಲಿ ಮಜ್ಜಿಗೆ ಕುಡಿದು ಅದನ್ನೇ ಅಂದರು. ಇಬ್ಬರೂ ಸಂತೋಷವಾಗಿದ್ದರು. ಆಮೇಲೆ ಇಬ್ಬರೂ ಒಂದೇ ದಿನ ಗೋಡೆಗೆ ಸುಣ್ಣ ಬಳಿಯಲು ಬಂದರು.

ಹೀಗೆಂದರೆ ಅವರನ್ನು ಮೋಸಗಾರರೆಂದು ತಿಳಿಯಬಾರದು. ಮೋಸಗಾರನಿಗೆ ತಾನು ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿರುತ್ತದೆ. ಸಿದ್ದಲಿಂಗಣ್ಣ ಹೇಳುವಾಗ ಆ ಮಾತನ್ನು ಪೂರ್ತಿ ನಂಬಿಯೇ ಹೇಳುತ್ತಿದ್ದರು. ಎದುರಿಗೆ ನಿಂತವನ ಮುಖ ಬಾಡಿದರೆ ಅವರಿಗೆ ಊಟ ಸೇರುತ್ತಿರಲಿಲ್ಲ, ಅಷ್ಟೇ.

ಮತ್ತೆ ಚುನಾವಣೆ ಹತ್ತಿರ ಬಂದಿತ್ತು. ಈ ಸಲ ಗೆಲ್ಲದಿದ್ದರೆ ಟವೆಲ್ಲು ಮಡಿಸಿಡಬೇಕು ಎಂಬುದು ಅವರಿಗೂ ಗೊತ್ತಿತ್ತು. ಬಂದ ಜನ ಕೂರಲು ಜಗಲಿಯಿತ್ತು, ನೆರಳಿರಲಿಲ್ಲ. ಅದುವರೆಗೆ ಹಿಂದಿನ ಚುನಾವಣೆಯ ಫ್ಲೆಕ್ಸ್ ಬ್ಯಾನರನ್ನೇ ನಾಲ್ಕು ಗಳುಗಳಿಗೆ ಬೋರಲು ಕಟ್ಟಿದ್ದರು. ಕೆಳಗೆ ಕೂತವರು ತಲೆಯೆತ್ತಿದರೆ ಸಿದ್ದಲಿಂಗಣ್ಣ ಮೇಲಿನಿಂದ ಕೈಮುಗಿಯುತ್ತಿದ್ದರು. ಬಿಸಿಲಿಗೆ ಅದು ಹರಿದು, ಮೊದಲು ಕೈ ಹೋಗಿ, ಆಮೇಲೆ ಮುಖವೂ ಹೋಯಿತು. ಗಟ್ಟಿಯಾದ ಸೂರೊಂದು ಬೇಕೇಬೇಕಾಯಿತು.

ತೊಡಕಿದ್ದದ್ದು ಇಳಿಜಾರಿನಲ್ಲಿ. ಸೂರಿನ ಮೇಲ್ತುದಿ ನನ್ನ ಕಿಟಕಿಯ ಕೆಳಗೇ ನಿಲ್ಲಬೇಕು, ಏಕೆಂದರೆ "ಮೇಷ್ಟ್ರ ಗಾಳಿ ಬೆಳಕು ಮುಚ್ಬುಟ್ರೆ ಹೆಂಗೆ?" ಕೆಳತುದಿ ಎಷ್ಟು ಎತ್ತರದ ಮತದಾರ ಬಂದರೂ ತಲೆ ತಾಗದಂತಿರಬೇಕು. ಇವೆರಡರ ನಡುವೆ ಉಳಿದದ್ದು ಗೇಣುದ್ದದ ಇಳಿಜಾರು. ನೀರು ಇಳಿಯಲೋ ಬೇಡವೋ ಎಂದು ಯೋಚಿಸುತ್ತ ಕೂರುವಂಥದ್ದು.

ಅವರ ಹೆಂಡತಿ ಗೌರಮ್ಮನವರು ಕಡಿಮೆ ಮಾತಿನವರು. ಆ ದಿನ ಮಾತ್ರ ಅಡುಗೆಮನೆಯಿಂದ ಹೊರಬಂದು ಸ್ಪಷ್ಟವಾಗಿ ಹೇಳಿದರು.

"ಇಷ್ಟು ಕಮ್ಮಿ ಇಳಿಜಾರಿಗೆ ಗ್ವಾಡೆಯಿಂದ ತುದಿಗಂಟ ಒಂದೇ ನಮೂನೆ ಶೀಟು ಹಾಕ್ಸಿ. ನಡುವೆ ಎಲ್ಲೂ ಸಂದು ಇರ್ಬಾರ್ದು. ಸಂದಿದ್ರೆ ನೀರು ಅಲ್ಲೇ ನಿಂತು ಒಳೀಕೆ ಬತ್ತದೆ."

"ಹ್ಞೂ ಕಣೇ, ಅಂಗೇ ಮಾಡ್ಬುಡಣ" ಎಂದರು ಸಿದ್ದಲಿಂಗಣ್ಣ. ಗೌರಮ್ಮ ನನ್ನತ್ತ ನೋಡಿ ಒಳಗೆ ಹೋದರು. ಗಂಡ ಹ್ಞೂ ಎಂದ ಮೇಲೆ ಆ ಕೆಲಸದ ಗತಿಯೇನೆಂದು ಅವರಿಗೆ ಗೊತ್ತಿತ್ತು.

ಮೊದಲು ಬಂದವರು ಶಿರಾದಲ್ಲಿ ಶೀಟಿನ ಅಂಗಡಿಯಿಟ್ಟಿದ್ದ ಬಾಷಾ ಸಾಬರು. ಅವರ ಹೆಂಡತಿಯ ತವರು ನಮ್ಮ ಹಿಂದಿನ ಬೀದಿಯಲ್ಲೇ, ಅವರ ವಾಸವೂ ಅಲ್ಲೇ. "ಅರೇ ಅಣ್ಣಾ, ಫಿಕರ್ ಯಾಕೆ ಮಾಡ್ತೀರಿ? ನಮ್ದು ಕಲರ್ ಶೀಟು ಹಾಕ್ಸಿ, ಏಕ್‌ದಮ್ ಮಸ್ತ್ ಇರ್ತದೆ. ನಮ್ಮ ಗಲ್ಲಿಯವ್ರೆಲ್ಲಾ ನಿಮ್ಮ ಜಗಲೀಲೇ ಬಂದು ಕೂರ್ತಾರೆ" ಎಂದರು. ಗಲ್ಲಿಯವರೆಲ್ಲ ಎಂದ ಮೇಲೆ ಸಿದ್ದಲಿಂಗಣ್ಣ ಇನ್ನೇನು ಹೇಳಲು ಸಾಧ್ಯ? ಹ್ಞೂ ಎಂದರು.

ಮಾರನೆಯ ದಿನ ಪಾವಗಡದಿಂದ ಬಂದು ನಮ್ಮ ವಾರ್ಡಿನಲ್ಲಿ ಮನೆ ಕಟ್ಟಿದ್ದ ನರಸಾರೆಡ್ಡಿ ಲಾರಿ ನಿಲ್ಲಿಸಿದರು. ಅವರ ಡ್ರೈವರುಗಳು, ಕ್ಲೀನರುಗಳು, ಅವರ ಸಂಸಾರಗಳು ಎಲ್ಲ ಒಂದೇ ಸಾಲಿನಲ್ಲಿ ವಾಸ. "ಶೀಟಾ? ವದ್ದಣ್ಣಾ ವದ್ದು! ಅದರ ಕೆಳಗೆ ಕೂತ್ರೆ ಮನುಷ್ಯ ಹಪ್ಪಳ ಆಗೋಗ್ತಾನೆ. ಮಾ ಕಡೆ ಕಡಪಾ ಬಂಡ ವೇಸ್ಕೋ. ಚಲ್ಲಗಾ, ತಣ್ಣಗೆ ಇರ್ತೈತೆ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಜಗ್ಗಲ್ಲ" ಎಂದರು. ಸಿದ್ದಲಿಂಗಣ್ಣ ಅದಕ್ಕೂ ಹ್ಞೂ ಎಂದರು.

ಮೂರನೆಯವನು ಗೌರಮ್ಮನವರ ಸ್ವಂತ ತಮ್ಮ, ಕೊರಟಗೆರೆಯ ಮಲ್ಲಣ್ಣ. ತಂದೆಯ ಕಾಲದ ಮನೆ ಕೆಡವಿಸಿ ಹೆಂಚನ್ನು ಹಿತ್ತಲಲ್ಲಿ ಜೋಡಿಸಿಟ್ಟುಕೊಂಡಿದ್ದ. ಅವನ ಮಗಳನ್ನು ಕೊಟ್ಟಿದ್ದ ಬೀಗರ ಕಡೆಯವರು ನಮ್ಮ ವಾರ್ಡಿನ ತುಂಬ ಇದ್ದರು. "ಭಾವ, ಈ ಹೆಂಚು ಬ್ಯಾಡ ಅಂದ್ರೆ ನಮ್ಮಕ್ಕನ ತವರನ್ನೇ ಬ್ಯಾಡ ಅಂದಂಗೆ" ಎಂದು ಕಣ್ಣೊರೆಸಿಕೊಂಡ. ಇಷ್ಟು ಚಪ್ಪಟೆ ಸೂರಿಗೆ ಹೆಂಚು ಹಾಕಿದರೆ ನೀರು ಹಿಂದಕ್ಕೆ ಹತ್ತಿ ಒಳಗೆ ಸುರಿಯುತ್ತದೆಂದು ಅಕ್ಕನೇ ಹೇಳಿದರೂ ಕೇಳಲಿಲ್ಲ. ಭಾವ ಹ್ಞೂ ಅಂದಾಗಿತ್ತು.

ಮೂರೂ ಲೋಡು ಒಂದೇ ಬೆಳಿಗ್ಗೆ ಬಂದವು. ಬೀದಿಯ ಆ ತುದಿಯಲ್ಲಿ ಶಿರಾದ ಆಟೊ, ಈ ತುದಿಯಲ್ಲಿ ಪಾವಗಡದ ಲಾರಿ, ನಡುವೆ ಕೊರಟಗೆರೆಯ ಟ್ರ್ಯಾಕ್ಟರು. ಹಾಲಿನವನು ಸೈಕಲ್ಲನ್ನು ಹೊತ್ತುಕೊಂಡು ದಾಟಿದ. ವೆಲ್ಡಿಂಗಿಗೆ ಬಂದಿದ್ದ ಮಂಜ ಕಬ್ಬಿಣದ ಪೈಪು ಹಿಡಿದು ಮಿಕಮಿಕ ನೋಡುತ್ತ, "ಯಾವ್ದು ಹಾಕ್ಲಿ ಅಣ್ಣಾ?" ಎಂದು ಕೇಳಿದ.

ಮೂವರೂ ಸಿದ್ದಲಿಂಗಣ್ಣನ ಮುಖವನ್ನೇ ನೋಡುತ್ತಿದ್ದರು. ಅವರು ಟವೆಲ್ಲಿನಿಂದ ಹಣೆ ಒರೆಸಿಕೊಂಡರು. ಮೂವರನ್ನೂ ಸರದಿಯಲ್ಲಿ ನೋಡಿ ನಕ್ಕರು.

"ಎಲ್ಲಾನೂ ಹಾಕು ಕಣ್ಲಾ. ಎಲ್ರೂ ನಮ್ಮೋರೇ ಅಲ್ವಾ?"

ಆಮೇಲೆ ಶುರುವಾಯಿತು ಸೀಟು ಹಂಚಿಕೆ. ಗೇಟಿನ ನೇರಕ್ಕಿರುವ ನಡುಭಾಗ ಎಲ್ಲರಿಗೂ ಬೇಕು. ಫೋಟೊ ತೆಗೆಯುವುದು ಅಲ್ಲೇ. ಕಲ್ಲಿನ ಭಾರಕ್ಕೆ ಗೇಟಿನ ಕಂಬಗಳೇ ಆಗಬೇಕೆಂದು ರೆಡ್ಡಿಯವರು ನಡುಭಾಗ ಹೊಡೆದುಕೊಂಡರು. ಬಾಷಾ ಸಾಬರ ಮುಖ ಸಪ್ಪಗಾಯಿತು. "ಬಸ್‌ಸ್ಟ್ಯಾಂಡ್ ಕಡೆಯಿಂದ ಬರೋರಿಗೆ ಮೊದ್ಲು ಕಾಣೋದೇ ನಿಮ್ದು ಸಾಬ್ರೇ" ಎಂದು ಸಿದ್ದಲಿಂಗಣ್ಣ ಅವರಿಗೆ ಎಡಭಾಗ ಕೊಟ್ಟರು. "ಬಲಗಡೆ ಅಂದ್ರೆ ಶುಭ ಕಣೋ" ಎಂದು ಬಾಮೈದನಿಗೆ ಉಳಿದದ್ದನ್ನು ಕೊಟ್ಟರು. ಸಂಜೆಯ ಹೊತ್ತಿಗೆ ಸೂರು ಎದ್ದಿತು. ಮೂವರೂ ಅದರ ಕೆಳಗೆ ನಿಂತು ತಮ್ಮ ತಮ್ಮ ಭಾಗವನ್ನು ಮಾತ್ರ ನೋಡಿಕೊಂಡು ಸಂತೋಷಪಟ್ಟರು. ಬೆಟ್ಟದ ಕೋತಿಗಳು ಮಾತ್ರ ಪಕ್ಷಭೇದ ಮಾಡಲಿಲ್ಲ. ಶೀಟಿನ ಮೇಲೆ ಕುಣಿದವು, ಕಲ್ಲಿನ ಮೇಲೆ ಮಲಗಿದವು, ಹೆಂಚನ್ನು ಎತ್ತಿ ಕೆಳಗೆ ಯಾರಿದ್ದಾರೆಂದು ಇಣುಕಿದವು.

ನಮ್ಮ ಕಡೆ ಮಳೆಯೆಂದರೆ ನೆಂಟರಿದ್ದಂತೆ, ಬೇಕೆಂದಾಗ ಬರುವುದಿಲ್ಲ. ಮತದಾನಕ್ಕೆ ಮುಂಚಿನ ವಾರ ಜಗಲಿಯಲ್ಲಿ ದೊಡ್ಡ ಸಭೆ ಸೇರಿದ ದಿನವೇ ಅದು ಬಂತು. ಶೀಟಿಗೂ ಕಲ್ಲಿಗೂ ನಡುವಿನ ಸಂದಿನಿಂದ ಮೊದಲು ಹನಿ, ಆಮೇಲೆ ಧಾರೆ. ಹೆಂಚಿನ ಭಾಗವಂತೂ ಜರಡಿ. ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಸಿದ್ದಲಿಂಗಣ್ಣನ ಭಾಷಣ ಯಾರಿಗೂ ಕೇಳಿಸಲಿಲ್ಲ.

"ನಮ್ದು ಶೀಟು ಸೋರಲ್ಲ, ಕಲ್ಲಿಂದು ನೀರು ಅದು" ಎಂದರು ಬಾಷಾ ಸಾಬರು.

"ಕಲ್ಲು ಸೋರ್ತದಾ? ಎಕ್ಕಡನ್ನಾ ಉಂದಾ, ಎಲ್ಲಾದ್ರೂ ಉಂಟಾ? ಆ ಹೆಂಚಿಂದ ಬರ್ತಾ ಐತೆ ನೋಡು" ಎಂದರು ರೆಡ್ಡಿ.

"ನಮ್ಮಪ್ಪನ ಹೆಂಚಿನ ಸುದ್ದಿ ಎತ್ತಬ್ಯಾಡಿ" ಎಂದು ಮಲ್ಲಣ್ಣ ಎದ್ದು ನಿಂತ.

ಜನ ನೆನೆಯುತ್ತ ಕೂತಿದ್ದರು. ಸಿದ್ದಲಿಂಗಣ್ಣ ಮೂವರಿಗೂ "ನೀವು ಹೇಳಾದು ಸರಿ" ಎಂದು ಸಮಾಧಾನ ಹೇಳುತ್ತ ಒಬ್ಬರಿಂದ ಒಬ್ಬರ ಬಳಿಗೆ ಓಡಾಡಿದರು. ಮಳೆ ನಿಂತ ಮೇಲೆ ಒಬ್ಬೊಬ್ಬರೇ ಹೊರಟರು. ಹೋಗುವಾಗ ಎಲ್ಲರೂ ಅವರ ಒದ್ದೆ ಕೈ ಹಿಡಿದು, "ಯೋಚ್ನೆ ಬ್ಯಾಡ ಅಣ್ಣಾ, ನಮ್ಮ ಓಟು ನಿಮಗೇ" ಎಂದರು. ಅಷ್ಟು ಜನ ಅಷ್ಟು ಪ್ರೀತಿಯಿಂದ ಹೇಳಿದ್ದನ್ನು ನಾನೂ ಮೆಟ್ಟಿಲ ಮೇಲೆ ನಿಂತು ಕೇಳಿದೆ. ಗೆದ್ದರೆಂದೇ ಅಂದುಕೊಂಡೆ.

ಸೋತರು. ಅಲ್ಪಸ್ವಲ್ಪದ ಸೋಲಲ್ಲ. ಎಣಿಕೆ ಮುಗಿಸಿ ಬಂದವರು ಜಗಲಿಯ ಮೇಲೆ ಕೂತು ಟವೆಲ್ಲನ್ನು ಮೊಣಕಾಲ ಮೇಲೆ ಹಾಕಿಕೊಂಡರು. "ಎಲ್ರೂ ಹಾಕ್ತೀವಿ ಅಂದ್ರಲ್ಲ ಮೇಷ್ಟ್ರೇ" ಎಂದರು. ಮಕ್ಕಳು ಲೆಕ್ಕ ತಪ್ಪಾದಾಗ ಸ್ಲೇಟು ನೋಡುತ್ತಾರಲ್ಲ, ಹಾಗೆ ನನ್ನ ಮುಖ ನೋಡಿದರು. ಅವರನ್ನು ಗೇಲಿ ಮಾಡುವುದು ನನಗೆ ಅಭ್ಯಾಸವಾಗಿಹೋಗಿತ್ತು. ಆ ದಿನ ಮಾತ್ರ ಅವರ ಪಕ್ಕದಲ್ಲೇ ಜಗಲಿಯ ಮೇಲೆ ಕೂತುಕೊಂಡೆ.

ಚುನಾವಣೆ ಮುಗಿದ ಮೇಲಾದರೂ ಸೂರು ಬದಲಾಯಿಸಿ ಎಂದು ಗೌರಮ್ಮ ಹಟ ಹಿಡಿದರು. ಈಗ ಯಾರ ಹಂಗೂ ಇಲ್ಲವಲ್ಲ, ಒಂದೇ ಶೀಟು ಹಾಕಿಸಿಬಿಡಿ ಎಂದು ನಾನೂ ಹೇಳಿದೆ. ಸಿದ್ದಲಿಂಗಣ್ಣ ತಲೆಯೆತ್ತಿ ಸೂರಿನ ಮೂರೂ ಭಾಗಗಳನ್ನು ಒಂದೊಂದಾಗಿ ನೋಡಿದರು.

"ಯಾರುದ್ದು ಅಂತ ಮೊದ್ಲು ಕೀಳ್ಸಲಿ ಮೇಷ್ಟ್ರೇ? ಸಾಬ್ರದು ಕಿತ್ರೆ, ಸೋತಿದ್ದಕ್ಕೆ ನಮ್ಮ ಮ್ಯಾಲೆ ಸಿಟ್ಟು ಅಂತ ಅವ್ರು ನೊಂದ್ಕಂತಾರೆ. ರೆಡ್ಡಿದು ಕಿತ್ರೆ ಅವ್ರು. ನಂಗೆ ಓಟು ಹಾಕದೆ ಇರಬೋದು, ಅದಕ್ಕೆ ಮನಸು ನೋಯಿಸಕಾಯ್ತದಾ?"

ಈ ಮಾತನ್ನು ಅವರು ಓಟಿಗಾಗಿ ಹೇಳಲಿಲ್ಲ. ಓಟಿನ ಕಾಲ ಮುಗಿದಿತ್ತು. ಅವರ ಬಗ್ಗೆ ನನಗೆ ಪೂರ್ತಿ ಗೌರವ ಹುಟ್ಟಿದ್ದು ಆಗ. ಆ ಗೌರವದ ಜೊತೆಗೆ ತಲೆ ಚಚ್ಚಿಕೊಳ್ಳಬೇಕೆಂದೂ ಅನ್ನಿಸಿತು. ಸೂರು ಹಾಗೇ ಉಳಿಯಿತು. ಮಳೆ ಬಂದಾಗ ಗೌರಮ್ಮ ಬಕೆಟ್ಟು, ಬೋಗುಣಿ, ಕೊನೆಗೆ ಪೂಜೆಯ ತಂಬಿಗೆಯನ್ನೂ ಸಂದುಗಳ ಕೆಳಗಿಡುತ್ತಿದ್ದರು. ಗಂಡನನ್ನು ಬೈಯುತ್ತಲೇ ಇಡುತ್ತಿದ್ದರು.

ಕಳೆದ ವರ್ಷ ನನಗೆ ಶಿರಾಕ್ಕೆ ವರ್ಗವಾಯಿತು. ಹೊರಡುವ ದಿನ ಸಿದ್ದಲಿಂಗಣ್ಣ ನನ್ನ ಸಾಮಾನಿನ ಆಟೊ ಹಿಂದೆ ತಿರುವಿನವರೆಗೂ ನಡೆದು ಬಂದು, "ಮನೆ ಖಾಲಿ ಇಟ್ಟಿರ್ತೀನಿ, ಬಂದ್ಬುಡಿ" ಎಂದರು. ಆಗಲೇ ಆ ಕೋಣೆಯನ್ನು ಇಬ್ಬರಿಗೆ ಕೊಡುತ್ತೇನೆಂದು ಹೇಳಿಯಾಗಿತ್ತು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಈ ಬೇಸಿಗೆಯಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿದ್ದೆ. ಜಗಲಿ ತುಂಬಿ ಜನ ಬೀದಿಯವರೆಗೂ ನಿಂತಿದ್ದರು. ಗೌರಮ್ಮ ಬಾಗಿಲ ಬಳಿ ಚಾಪೆಯ ಮೇಲೆ ಕೂತಿದ್ದರು. ಬಂದವರೆಲ್ಲ ಅವರೆದುರು ಬಗ್ಗಿ, ದನಿ ತಗ್ಗಿಸಿ, ಒಂದೇ ಮಾತು ಹೇಳಿ ಹೋಗುತ್ತಿದ್ದರು: "ಅಮ್ಮಾ, ನಾನಂತೂ ಅಣ್ಣಂಗೇ ಓಟು ಹಾಕಿದ್ದೆ." ಬಾಷಾ ಸಾಬರು ಹೇಳಿದರು. ರೆಡ್ಡಿಯವರು ಹೇಳಿ ಕಣ್ಣೀರು ಹಾಕಿದರು. ಮಲ್ಲಣ್ಣ ಬೀಗರನ್ನೆಲ್ಲ ಕರೆತಂದು ಅವರಿಂದ ಹೇಳಿಸಿದ. ನಾನು ಪಕ್ಕದಲ್ಲಿ ಕೂತು ಕೇಳುತ್ತಲೇ ಇದ್ದೆ.

ಕೊನೆಗೆ ಅವರನ್ನು ಸೋಲಿಸಿ ಗೆದ್ದವನೇ ಬಂದ. ಹೆಗಲ ಮೇಲೆ ಹೊಸ ಬಿಳಿ ಟವೆಲ್ಲು. ಚಪ್ಪಲಿ ಬಿಟ್ಟು ಒಳಬಂದು ಗೌರಮ್ಮನ ಕಾಲು ಮುಟ್ಟಿದ.

"ಅಮ್ಮಾ, ನಿಂತಿದ್ದೇನೋ ನಾನೇ. ಆದ್ರೆ ಒಳಗೋದಾಗ ಕೈ ತಡೀಲಿಲ್ಲ. ನಾನೂ ಅಣ್ಣಂಗೇ ಒತ್ತಿದ್ದು."

ಗೌರಮ್ಮ ಅವನ ತಲೆಯ ಮೇಲೆ ಕೈಯಿಟ್ಟರು.

"ಹ್ಞೂ ಕಣಪ್ಪ, ಗೊತ್ತು. ಅವ್ರೂ ನಂಬ್ಕಂಡೇ ಹೋದ್ರು. ಊಟ ಮಾಡ್ಕಂಡು ಹೋಗು."